ಊ ಅಂದು ಆ ಅನ್ನೋ ಪೆಡಲ್ಲು

ದಾವಣಗೆರೇಲಿ ಭಾನುವಾರ ಸಂಜೆ ಮಿರ್ಚಿ-ಮಂಡಕ್ಕಿ ಮುಂದಿಟ್ಟುಕೊಂಡು ಕೂತವರು ಸಾಮಾನ್ಯವಾಗಿ ರಾಜಕೀಯ ಮಾತಾಡ್ತಾರೆ. ನಾವು ಗಿಟಾರಿನ ವಾ-ವಾ ಪೆಡಲ್, ಅಂದ್ರೆ ಕಾಲಲ್ಲಿ ತುಳಿದು ಗಿಟಾರನ್ನ "ವಾ" ಅನ್ನಿಸೋ ಡಬ್ಬಿ, ಅದರ ಬಗ್ಗೆ ಕಿತ್ತಾಡ್ತಿದ್ವಿ. ಜಾಗ, ವೈಂಡಿಂಗ್ ಅಣ್ಣನ ಅಂಗಡಿಯ ಅಟ್ಟ. ಕೆಳಗೆ ಸುಟ್ಟ ಬೋರ್‌ವೆಲ್ ಮೋಟರ್‌ಗಳು, ಮೇಲೆ ನಮ್ಮ ಆರ್ಕೆಸ್ಟ್ರಾ. ಎರಡಕ್ಕೂ ರಿಪೇರಿ ಬೇಕು ಅಂತ ಪಕ್ಕದ ಟೈಲರ್ ಕಾಕಾ ಆಗಾಗ ಹೇಳ್ತಿರ್ತಾರೆ.

ಅವತ್ತು ಮೂರು ಪೆಡಲ್ ಸೇರಿದ್ವು. ನನ್ನದು ಡನ್‌ಲಪ್ ಕ್ರೈ ಬೇಬಿ, ಜಿಸಿಬಿ 95. ದುರ್ಗದ ಮಲ್ಲಿ ತಂದದ್ದು ವಾಕ್ಸ್ ವಿ 847. ಇಂಜಿನಿಯರಿಂಗ್ ಓದೋ ಹುಡುಗನ ಹತ್ತಿರ ಮಾರ್ಲಿ ಬ್ಯಾಡ್ ಹಾರ್ಸಿ, ಸ್ಟೀವ್ ವೈ ಅನ್ನೋ ಗಿಟಾರಿಸ್ಟನ ಹೆಸರಲ್ಲಿ ಬಂದಿದ್ದು.

"ಒಂದು ಅಳೋ ಕೂಸು, ಇನ್ನೊಂದು ಕೆಟ್ಟ ಕುದುರೆ. ಇದು ಆರ್ಕೆಸ್ಟ್ರಾನೋ, ಸಂತೆನೋ?" ಅಂದ ವೈಂಡಿಂಗ್ ಅಣ್ಣ.

"ಅಣ್ಣ, ನಿಂಗೆ ಇದೆಲ್ಲ ತಿಳಿಯಲ್ಲ ಬಿಡು," ಅಂತ ಹುಡುಗ ಅಂದುಬಿಟ್ಟ. ಅನ್ನಬಾರದಿತ್ತು.

"ನನಗೆ ತಿಳಿಯಲ್ವಾ? ಲೇ, ಎಲ್ರೂ ಊ ಅನ್ರಲೇ."

ಅಂಗಡಿ ಅವನದು. ನಾವು ಊ ಅಂದ್ವಿ.

"ಶ್ರುತಿ ಬಿಡಬ್ಯಾಡ್ರಿ. ಹಂಗೇ ನಿಧಾನಕ್ಕೆ ಬಾಯಿ ತೆಗೀರಿ. ಆ..."

ಮೂರು ಗಂಡಸರು ಒಟ್ಟಿಗೆ "ಊಊವಾಆಆ" ಅಂದ್ವಿ. ಕೆಳಗಿಂದ ಕಾಕಾ, "ಯಾರಿಗೆ ಶಾಕ್ ಹೊಡೀತ್ರೋ?" ಅಂದ್ರು.

"ಆಯ್ತಲ್ಲ? ಇಷ್ಟೇ ನಿಮ್ಮ ಪೆಡಲ್ಲು. ಸ್ವರ ಅದೇ, ಬಾಯಿ ಬ್ಯಾರೆ."

ಪುಣ್ಯಾತ್ಮ ಹೇಳಿದ್ದು ಸರಿಯಾಗೇ ಇತ್ತು. ಗಿಟಾರಿನ ಒಂದೇ ನಾದದಲ್ಲಿ ದಪ್ಪ ದನಿಯಿಂದ ಚೂಪು ದನಿವರೆಗೆ ಯಾವ ಭಾಗ ಎದ್ದು ಕೇಳಬೇಕು ಅನ್ನೋದನ್ನ ಪೆಡಲ್ ಸರಿಸ್ತಾ ಹೋಗುತ್ತೆ. ಹಿಮ್ಮಡಿ ಊರಿದ್ರೆ ಆ ಉಬ್ಬು ಸುಮಾರು 400 ಹರ್ಟ್ಸ್ ಕಡೆ, ಮುಂಗಾಲು ಒತ್ತಿದ್ರೆ 2000 ಹರ್ಟ್ಸ್ ಆಸುಪಾಸು. ಕಾಲಲ್ಲಿ ಕಾಗುಣಿತ ಬರೆದ ಹಾಗೆ.

"ಒಳಗೇನೈತೆ ತೋರ್ಸು," ಅಂತ ನನ್ನ ಪೆಡಲ್ಲಿನ ತಳ ಬಿಚ್ಚೇಬಿಟ್ಟ. ಹಲ್ಲಿನ ಪಟ್ಟಿ ಒಂದು, ಅದು ತಿರುಗಿಸೋ ಪಾಟ್ (ರೇಡಿಯೋದ ವಾಲ್ಯೂಮ್ ಗುಂಡಿಯೊಳಗೆ ಇರುತ್ತಲ್ಲ, ಅದೇ) ಒಂದು, ಪಕ್ಕದಲ್ಲಿ ಚಿಟಿಕೆಯಷ್ಟು ಕಾಯಿಲ್. ಕಾಯಿಲಿನ ಅಳತೇಲಿ ಅರ್ಧ ಹೆನ್ರಿ ಆಸುಪಾಸಿನದು. ಕಾಯಿಲ್ ಕಂಡ ತಕ್ಷಣ ಅಣ್ಣನ ಮುಖ ಅರಳಿತು. ಹಳೇ ಪೆಡಲ್‌ಗಳ ಫಾಸೆಲ್ ಕಾಯಿಲ್ ಬೇಕು, ಹೇಲೋ ಕಾಯಿಲ್ ಬೇಕು ಅಂತ ಜನ ಹುಡುಕಿಕೊಂಡು ಹೋಗಿ ದುಡ್ಡು ಸುರೀತಾರೆ ಅಂತ ಹುಡುಗ ಹೇಳಿದ್ದೇ ತಡ, ಆ ಅರಳಿದ ಮುಖ ಬಾಡಿತು.

"ಇಷ್ಟಕ್ಕಾ? ಐದು ಎಚ್‌ಪಿ ಮೋಟರ್ ಕಟ್ಟಿಕೊಟ್ರೆ ಇಲ್ಲಿ ನೂರು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡ್ತಾರೆ ಕಣಲೇ!"

ಈ ಪೆಡಲ್ ಹುಟ್ಟಿದ ಕಥೆಗೂ ರಿಪೇರಿ ಅಂಗಡಿಯ ವಾಸನೆ ಇದೆ. 1966ರಲ್ಲಿ ಅಮೆರಿಕದ ಥಾಮಸ್ ಆರ್ಗನ್ ಕಂಪನೀಲಿ ಬ್ರ್ಯಾಡ್ ಪ್ಲಂಕೆಟ್ ಅನ್ನೋ ಇಂಜಿನಿಯರು ವಾಕ್ಸ್ ಆಂಪಿನ (ಆಂಪ್ಲಿಫೈಯರಿನ) ಒಂದು ಸ್ವಿಚ್ಚಿನ ಬದಲು ತಿರುಗೋ ಗುಂಡಿ ಕೂರಿಸೋಕೆ ಹೊರಟಿದ್ದ. ತಿರುಗಿಸಿದ್ರೆ ಅದು "ವಾ" ಅಂತು. ಆರ್ಗನ್ನಿನ ವಾಲ್ಯೂಮ್ ಪೆಡಲ್ ಡಬ್ಬಿ ಅಲ್ಲೇ ಬಿದ್ದಿತ್ತು, ಅದರೊಳಗೆ ತುಂಬಿದ್ರು. ಮರುವರ್ಷ ಅಂಗಡಿಗೆ ಬಂದಾಗ ಅದರ ಮೇಲಿದ್ದದ್ದು ಕ್ಲೈಡ್ ಮೆಕಾಯ್ ಅನ್ನೋ ಟ್ರಂಪೆಟ್ ವಾದಕನ ಹೆಸರು, ಗಿಟಾರಿಸ್ಟನದಲ್ಲ! ಟ್ರಂಪೆಟ್‌ನವರು ವಾದ್ಯದ ಬಾಯಿಗೆ ಮುಚ್ಚಳ ಅಡ್ಡ ಹಿಡಿದು ತೆಗೆದು ಅದೇ ಸದ್ದು ಮಾಡ್ತಿದ್ರಲ್ಲ. ಕೆಲವರಂತೂ ಬಚ್ಚಲ ತೂತು ಬ್ಲಾಕ್ ಆದ್ರೆ ಒತ್ತೋ ರಬ್ಬರನ್ನೇ ಹಿಡೀತಿದ್ರು. ಇದನ್ನ ನಾನು ಮಿರ್ಚಿ ತಿನ್ನೋವಾಗ ಹೇಳಿದ್ದಕ್ಕೆ ಮಲ್ಲಿ ಪ್ಲೇಟು ದೂರ ಸರಿಸಿದ.

ಆಮೇಲೆ ಪರೀಕ್ಷೆ. ನಾನು ಗೋಡೆ ಕಡೆ ಮುಖ ಮಾಡಿ ಕೂತೆ, ಹುಡುಗ ಒಂದೊಂದೇ ಜೋಡಿಸಿ ನುಡಿಸಿದ. ಮೊದಲನೇದು ಮಧ್ಯದಲ್ಲಿ ದುಂಡಗೆ, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡು ಮಾತಾಡಿದ ಹಾಗೆ. "ವಾಕ್ಸ್," ಅಂದೆ.

ಎರಡನೇದು ತುದಿಗೆ ಹೋದಾಗ ಕಿವಿಗೆ ಸೂಜಿ. "ನನ್ನ ಕೂಸು."

ಎರಡೂ ತಪ್ಪು. ಅದಲು ಬದಲು.

"ಹತ್ತು ವರ್ಷ ಸಾಕಿದ ಕೂಸಿನ ದನಿ ಗುರ್ತು ಹಿಡೀಲಿಲ್ಲ ನೋಡ್ರಪ್ಪ ತಂದೆ!" ಅಂತ ಮಲ್ಲಿ ಮಂಡಕ್ಕಿ ಎರಚಿದ.

ಕಿವಿಗೆ ಮೋಸ ಆದ್ರೂ ಕಾಲಿಗೆ ಆಗಲ್ಲ ಅಂತ ಮಾನ ಉಳಿಸಿಕೊಳ್ಳೋಕೆ ಕಣ್ಣು ಮುಚ್ಚಿ ಮೂರರ ಮೇಲೂ ಕಾಲಿಟ್ಟೆ. ಇಲ್ಲಿ ನಾನು ಗೆದ್ದೆ. ಕ್ರೈ ಬೇಬಿ, ವಾಕ್ಸ್ ಎರಡಕ್ಕೂ ಆನ್ ಮಾಡಬೇಕಂದ್ರೆ ಮುಂಗಾಲು ತುದಿಗೆ ಕುಕ್ಕಬೇಕು. ಹಾಗಾಗಿ ಕುಕ್ಕಿ ಅಲ್ಲೇ ನಿಂತು ನುಡಿಸಿದ್ರೆ ಮೊದಲ ಅಕ್ಷರ ಊ ಅಲ್ಲ, ಚೀರೋ "ಈ". ವೇದಿಕೇಲಿ ಎಷ್ಟು ಸಲ ಹೀಗೆ ಚೀರಿ ಮರ್ಯಾದೆ ಕಳಕೊಂಡಿದ್ದೀನೋ. ಬ್ಯಾಡ್ ಹಾರ್ಸಿಗೆ ಸ್ವಿಚ್ಚೇ ಇಲ್ಲ. ಕಾಲಿಟ್ರೆ ಆನ್, ತೆಗೆದ್ರೆ ಸ್ಪ್ರಿಂಗ್ ಎತ್ತಿ ಆಫ್. ಒಳಗೆ ತಿರುಗೋ ಪಾಟ್ ಕೂಡ ಇಲ್ಲ. ಒಳಗಿನ ಸೆನ್ಸರ್ ಮೇಲೆ ಬೀಳೋ ಬೆಳಕು ಹೆಚ್ಚುಕಮ್ಮಿ ಆದ ಹಾಗೆ ಸದ್ದು ಬದಲಾಗುತ್ತೆ, ಅದಕ್ಕೇ ಸವೆದು ಕರಕರ ಅನ್ನಲ್ಲ. ಆದ್ರೆ ಅರ್ಧದಲ್ಲಿ ಬಿಟ್ಟು ಕಾಲು ತೆಗೆಯೋ ಹಾಗಿಲ್ಲ. ನನಗೋ ಆ ಅರ್ಧದ ಸದ್ದೇ ಪ್ರಾಣ, ನೆಗಡಿ ಆದವನು ಹಾಡಿದ ಹಾಗಿರುತ್ತೆ. ರಾಕ್ ಗಿಟಾರಿಸ್ಟ್ ಮೈಕಲ್ ಶೆಂಕರ್ ನುಡಿಸಿದ್ದನ್ನ ಕೇಳಿದವರಿಗೆ ಗೊತ್ತು. ಹಾಗಾಗಿ ಸೌಕರ್ಯಕ್ಕೆ ಕುದುರೆ, ಸಂಸಾರಕ್ಕೆ ಕೂಸು ಅಂತ ತೀರ್ಪು ಕೊಟ್ಟೆ.

"ನನ್ನ ವಾಕ್ಸು?" ಅಂದ ಮಲ್ಲಿ.

"ನಿಂದು ದುರ್ಗದ ಗುಡ್ಡದ ಫ್ಯಾನ್ ಇದ್ದಂಗೈತೆ. ದೂರದಿಂದ ಚೆಂದ," ಅಂದ ಹುಡುಗ.

ಇಷ್ಟರಲ್ಲಿ ಕಾಕಾ ಮೇಲೆ ಹತ್ತಿ ಬಂದ್ರು. ನಲವತ್ತು ವರ್ಷ ಹೊಲಿಗೆ ಮಷೀನ್ ತುಳಿದ ಕಾಲು. ಸರಿ, ನೀವೂ ತುಳೀರಿ ಅಂತ ಕೂರಿಸಿದ್ವಿ. ಪ್ಯಾಂಟ್ ಹೊಲಿಯೋ ಸ್ಪೀಡಲ್ಲಿ ಶುರು ಹಚ್ಚಿದ್ರು ನೋಡಿ, ಟೆಂಪೋದಲ್ಲಿ ಕೂಡಿದ ಮೇಕೆಗಳು ಹಳ್ಳ ದಿಣ್ಣೆ ರಸ್ತೇಲಿ ಅರಚಿದ ಹಾಗಾಯ್ತು. ಜೊತೆಗೆ ಕರಕರ. ತಳ ಬಿಚ್ಚಿಟ್ಟಿದ್ದ ಪೆಡಲ್ಲಿನ ಪಾಟಿಗೆ ಮಲ್ಲಿ ಎರಚಿದ ಮಂಡಕ್ಕಿಯ ಖಾರದ ಪುಡಿ ಹೋಗಿತ್ತು.

"ಎಣ್ಣೆ ಬಿಡ್ರಲೇ ಇದಕ್ಕೆ," ಅಂತ ಹೇಳಿ ಕಾಕಾ ಇಳಿದು ಹೋದ್ರು.

ಪಾಟಿಗೆ ಮಷೀನ್ ಎಣ್ಣೆ ಬಿಡೋದೋ, ಸ್ಪ್ರೇ ಹೊಡೆಯೋದೋ ಅಂತ ಎರಡನೇ ಜಗಳ ಶುರುವಾಗೋ ಹೊತ್ತಿಗೆ ಕರೆಂಟ್ ಹೋಯ್ತು. ಆಂಪ್ ಸತ್ತಿತು. ಕತ್ತಲಲ್ಲಿ ಮಲ್ಲಿ ತಟ್ಟೆಗೆ ಕೈ ಹಾಕಿ ಉಳಿದಿದ್ದ ಮಿರ್ಚಿ ಪೂರ್ತಿ ಬಾಯಿಗೆ ತುರುಕಿದ. ಅದರೊಳಗಿನ ಮೆಣಸಿನಕಾಯಿ ಸಾಮಾನ್ಯದ್ದಲ್ಲ.

"ಊಊ... ಹಾಆಆ! ಊಊ... ಹಾಆಆ!"

ಕೆಳಗಿಂದ ಕಾಕಾನ ದನಿ ಬಂತು. "ಹಾಂ, ಇದು ಯಾವುದು? ಇದನ್ನೇ ಇಟ್ಕೊಳ್ರಿ, ಉಳಿದವು ವಾಪಸ್ ಕೊಡ್ರಿ!"