ಸಿಮ್ ತೆಗೆದಿಟ್ಟು ಹೋಗಬೇಕೆ?

ಗುಂಪು: ಕುಂದಾಪುರದ ಮನೆಯವರು, ಮುಂಬಯಿ

ಸುಧಾಕರ ಚಿಕ್ಕಪ್ಪ, ಠಾಣೆ (ಬೆಳಿಗ್ಗೆ 7.12)
ಫಾರ್ವರ್ಡ್ ಆದದ್ದು: "ವಿದೇಶಕ್ಕೆ ಹೊರಟವರೇ, ವಿಮಾನ ಹತ್ತುವ ಮೊದಲೇ ಭಾರತದ ಸಿಮ್ ತೆಗೆದು ಮನೆಯಲ್ಲಿಡಿ. ಅದು ಫೋನಿನಲ್ಲಿದ್ದರೆ ಸಾವಿರಾರು ರೂಪಾಯಿಯ ಬಿಲ್ ಬರುತ್ತದೆ. ಅಲ್ಲಿ ಎಲ್ಲೆಡೆ ವೈ-ಫೈ ಉಚಿತ, ವಾಟ್ಸಾಪ್ ಕರೆಯೂ ಉಚಿತ."
ಅಣ್ಣ, ನೀವು ಮತ್ತು ಅತ್ತಿಗೆ ಜೂನ್‌ನಲ್ಲಿ ಮ್ಯೂನಿಕ್‌ಗೆ ಮಗಳ ಮನೆಗೆ ಹೊರಟಿದ್ದೀರೆಂದು ಇದನ್ನು ಹಾಕಿದ್ದೇನೆ.

ಶ್ರೀಲತಾ, ಅಂಧೇರಿ (7.41)
ಚಿಕ್ಕಪ್ಪ, ಈ ಸಲಹೆಯನ್ನು ದೊಡ್ಡಪ್ಪ ದಯವಿಟ್ಟು ಪಾಲಿಸದಿರಲಿ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು. ಸಿಮ್ ಮನೆಯಲ್ಲಿಟ್ಟು ಹೋಗಿ, ಅಲ್ಲಿ ಕಾರ್ಡಿನಿಂದ ಹಣ ಕೊಡಲು ಒಟಿಪಿ ಬಾರದೆ, ಇಲ್ಲಿರುವ ಮಗನನ್ನು ನಮ್ಮ ಶಾಖೆಗೆ ಓಡಿಸಿದವರನ್ನು ಕಂಡಿದ್ದೇನೆ. ರೋಮಿಂಗ್‌ನಲ್ಲಿ ಒಳಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಹಣ ಹಿಡಿಯುವುದಿಲ್ಲ. ಹೊರಡುವ ಮೊದಲು ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಡೇಟಾ ರೋಮಿಂಗ್ ಒಂದನ್ನು ಬಂದ್ ಇಟ್ಟು, ಬರುವ ಕರೆಗಳನ್ನು ಎತ್ತದಿದ್ದರೆ ಸಾಕು. ಇನ್ನೊಂದು ಮಾತು: ನಿಮ್ಮ ವಿಮಾನ ದುಬೈಯಲ್ಲಿ ಐದು ಗಂಟೆ ನಿಲ್ಲುತ್ತದೆ. ಅಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಆ ದೇಶ ಅದನ್ನು ತಡೆದಿದೆ. ಹಾಗಾಗಿ "ಎಲ್ಲೆಡೆ ಉಚಿತ" ಎಂಬುದು ಮೊದಲ ನಿಲ್ದಾಣದಲ್ಲೇ ಸುಳ್ಳಾಗುತ್ತದೆ.

ಸುಧಾಕರ ಚಿಕ್ಕಪ್ಪ, ಠಾಣೆ (8.05)
ನಿನ್ನ ಮಾತು ಸರಿ ಇರಬಹುದು, ಆದರೆ ಬಿಲ್ ಕಟ್ಟಿದವನು ನಾನು. ಬ್ಯಾಂಕಾಕ್‌ಗೆ ಹೋದಾಗ ನಾನು ಒಂದು ಕರೆಯನ್ನೂ ಮಾಡಲಿಲ್ಲ. ಫೋನು ತಾನಾಗಿಯೇ ರಾತ್ರಿಯಿಡೀ ಫೋಟೋಗಳನ್ನು ಎಲ್ಲಿಗೋ ಏರಿಸುತ್ತಾ ಕುಳಿತಿತ್ತು, ಹಿಂದಿರುಗಿದ ಮೇಲೆ ಬಂದ ಬಿಲ್ ಹೋಟೆಲಿನ ಒಂದು ದಿನದ ಬಾಡಿಗೆಗಿಂತ ಹೆಚ್ಚಿತ್ತು. ಸೆಟ್ಟಿಂಗ್ ಗೊತ್ತಿಲ್ಲದವರಿಗೆ ಸಿಮ್ ತೆಗೆಯುವುದೇ ಖಾತರಿಯ ದಾರಿ.

ಪ್ರಸನ್ನ, ಪುಣೆ (8.20)
ದೊಡ್ಡಪ್ಪ, ಸಿಮ್ ತೆಗೆಯದೆಯೇ ಡೇಟಾ ಪಡೆಯಲು ಇ-ಸಿಮ್ (ಕಾರ್ಡಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ಇದೆ. *#06# ಒತ್ತಿ ನೋಡಿ. ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಜೊತೆಗೆ ಇಐಡಿ ಎಂಬ ಉದ್ದನೆಯ ಸಂಖ್ಯೆಯೂ ಕಂಡರೆ ನಿಮ್ಮ ಫೋನಿನಲ್ಲಿ ಅದು ನಡೆಯುತ್ತದೆ. ಆದರೆ ಸಿಕ್ಕ ಸಿಕ್ಕ ಆ್ಯಪ್‌ನಿಂದ ಕೊಳ್ಳಬೇಡಿ, ಅನುಮತಿಯಿಲ್ಲದೆ ಮಾರುತ್ತಿದ್ದ ವಿದೇಶಿ ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಇಲ್ಲಿ ತೆಗೆಸಿತ್ತು.

ವಾಸುದೇವ ದೊಡ್ಡಪ್ಪ, ಡೊಂಬಿವಲಿ (9.02)
ಒತ್ತಿ ನೋಡಿದೆ, ಇಐಡಿ ಇಲ್ಲ. ಆದರೆ ಎರಡು ಸಿಮ್‌ಗೆ ಜಾಗವಿದೆ, ಒಂದು ಖಾಲಿ ಇದೆ. (ಇಷ್ಟು ಹೊತ್ತು ಎಲ್ಲರೂ ಪೂರ್ಣ ವಾಕ್ಯಗಳಲ್ಲಿ ಬರೆದಿದ್ದೀರಿ; ರಾತ್ರಿ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನಿಗೆ ಸಂತೋಷವಾಯಿತು.)

ಶ್ರೀಲತಾ, ಅಂಧೇರಿ (9.10)
ಹಾಗಾದರೆ ಖಾಲಿ ಜಾಗಕ್ಕೆ ಜರ್ಮನಿಯ ಪ್ರೀಪೇಯ್ಡ್ ಸಿಮ್ ಹಾಕಿಕೊಳ್ಳಿ. 2017ರ ಜುಲೈಯಿಂದ ಅಲ್ಲಿ ಗುರುತು ಖಚಿತಪಡಿಸದೆ ಅದು ಚಾಲೂ ಆಗುವುದಿಲ್ಲ, ಆದ್ದರಿಂದ ಪಾಸ್‌ಪೋರ್ಟ್ ಜೊತೆಗಿರಲಿ. ವಾಟ್ಸಾಪ್ ನಂಬರ್ ಬದಲಿಸಬೇಕೇ ಎಂದು ಕೇಳಿದರೆ ಬೇಡವೆನ್ನಿ, ಹಳೆಯ ನಂಬರಿನಲ್ಲೇ ಅದು ನಡೆಯುತ್ತದೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ಹೋದರೂ ಅದೇ ಸಿಮ್ ಜರ್ಮನಿಯ ದರದಲ್ಲೇ ಓಡುತ್ತದೆ, ಏಕೆಂದರೆ 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದೊಳಗೆ ರೋಮಿಂಗ್‌ನ ಹೆಚ್ಚುವರಿ ಶುಲ್ಕವನ್ನು ತೆಗೆದಿದ್ದಾರೆ. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ, ಅಲ್ಲಿಗೆ ಆ ನಿಯಮ ಅನ್ವಯಿಸುವುದಿಲ್ಲ. ಎರಡು ದೇಶಗಳ ಗಡಿಯಲ್ಲಿರುವ ಕಾನ್‌ಸ್ಟನ್ಸ್ ಸರೋವರದ ಜರ್ಮನಿಯ ದಡದಲ್ಲಿ ನಿಂತಾಗ ಫೋನು ಆಚೆ ದಡದ ಟವರನ್ನು ಹಿಡಿಯಬಹುದು; ಅಲ್ಲಿ ಆ ಸಿಮ್ಮಿನ ಡೇಟಾ ರೋಮಿಂಗ್ ಬಂದ್ ಇದ್ದರೆ ಆ ಭಯವಿಲ್ಲ.

ವಾಸುದೇವ ದೊಡ್ಡಪ್ಪ, ಡೊಂಬಿವಲಿ (9.34)
ಇದೆಲ್ಲ ಸರಿ. ಆದರೆ ಕುಂದಾಪುರದಿಂದ ಅಮ್ಮ ಲ್ಯಾಂಡ್‌ಲೈನಿನಿಂದಲೇ ಮಾತನಾಡುವುದು. ಅವರು ನನ್ನ ಭಾರತದ ನಂಬರಿಗೆ ಮಾಡಿದ ಕರೆಯನ್ನು ನಾನು ಎತ್ತಬಾರದೆಂದರೆ, ತೊಂಬತ್ತರ ಮುದುಕಿ ಅಲ್ಲಿ ಏನೆಂದು ತಿಳಿಯಬೇಕು?

ಪ್ರಸನ್ನ, ಪುಣೆ (9.50)
ಇದಕ್ಕೆ ಇ-ಸಿಮ್ಮೂ ಉಪಯೋಗವಿಲ್ಲ, ಅವು ಹೆಚ್ಚಾಗಿ ಡೇಟಾಕ್ಕೆ ಮಾತ್ರ ಇರುವವು. ರೋಮಿಂಗ್ ಪ್ಯಾಕ್ ಇಲ್ಲದೆ ಕರೆ ಎತ್ತಿದರೆ, ಅಜ್ಜಿಗೆ ದೇಶದೊಳಗಿನ ಕರೆಯ ದರ, ಎತ್ತಿದ ನಿಮಗೆ ರೋಮಿಂಗ್ ದರ. ದೊಡ್ಡಮ್ಮನ ಸಿಮ್‌ಗೆ ಮೂವತ್ತು ದಿನದ ರೋಮಿಂಗ್ ಪ್ಯಾಕ್ ಹಾಕಿಸಿ, ಅಜ್ಜಿಗೆ ಅದೊಂದೇ ನಂಬರ್ ಕೊಡಿ. ನಿಮ್ಮ ಫೋನಿನಲ್ಲಿ ಜರ್ಮನಿಯ ಸಿಮ್ ಇರಲಿ. ದೊಡ್ಡಮ್ಮನಿಗೆ ವಾಟ್ಸಾಪ್ ಬೇಕಾದಾಗ ನಿಮ್ಮ ಹಾಟ್‌ಸ್ಪಾಟ್ ಹಿಡಿದುಕೊಳ್ಳಲಿ. ಇಬ್ಬರಿಗೂ ಪ್ಯಾಕ್ ಹಾಕಿಸುವ ಖರ್ಚು ಉಳಿಯುತ್ತದೆ.

ಸುಧಾಕರ ಚಿಕ್ಕಪ್ಪ, ಠಾಣೆ (10.03)
ಪ್ಯಾಕಿನಲ್ಲಿ ಜರ್ಮನಿಯ ಜೊತೆ ದುಬೈಯೂ ಇದೆಯೇ ಎಂದು ಮೊದಲು ಓದಿ. ವಿಮಾನದೊಳಗೆ ಫೋನ್ ಏರೋಪ್ಲೇನ್ ಮೋಡ್‌ನಲ್ಲೇ ಇರಲಿ, ಆಕಾಶದ ನೆಟ್‌ವರ್ಕಿನ ದರ ಬೇರೆ. ನಾನು ಹಾಕಿದ ಸಂದೇಶವನ್ನು ಅಳಿಸುವುದಿಲ್ಲ. ಅದು ಅಣ್ಣನಿಗೆ ತಪ್ಪು, ನನಗೆ ಆಗ ಸರಿಯಾಗಿತ್ತು.

ಸುಮತಿ ದೊಡ್ಡಮ್ಮ, ಡೊಂಬಿವಲಿ (10.20)
ಅತ್ತೆಯವರು ರಾತ್ರಿ ಎಂಟಕ್ಕೆ ಊಟ ಮುಗಿಸುತ್ತಾರೆ. ಮ್ಯೂನಿಕ್‌ನಲ್ಲಿ ಆಗ ಸಂಜೆ ನಾಲ್ಕೂವರೆ, ದಿನವೂ ಆ ಹೊತ್ತಿಗೆ ನಾನೇ ಕರೆ ಮಾಡುತ್ತೇನೆ. ಸುಧಾಕರ, ನೀನು ಭಾನುವಾರ ಬಂದು ನಿಮ್ಮಣ್ಣನ ಡೇಟಾ ರೋಮಿಂಗ್ ಬಂದ್ ಮಾಡಿ ಹೋಗು. ಶನಿವಾರ ಬರಬೇಡ, ಅವರು ಭಾನುವಾರದೊಳಗೆ ಮತ್ತೆ ಎಲ್ಲವನ್ನೂ ಒತ್ತಿ ನೋಡುತ್ತಾರೆ.