ಮನೆಯೊಳಗಿನ ಮೆಟ್ಟಿಲಿಗೆ ಗ್ರಾನೈಟೋ, ಟೈಲ್ಸೋ, ಮರವೋ?

ಹೊಸಮನೆ_ಕೆಲಸ:
ಮನೆಯೊಳಗಿನ ಕಾಂಕ್ರೀಟ್ ಮೆಟ್ಟಿಲಿಗೆ ಏನು ಹಾಕಿಸುವುದು ಅಂತ ತೀರ್ಮಾನ ಆಗಬೇಕಿದೆ. ಎರಡು ಸಾಲು, ಒಂದೊಂದರಲ್ಲಿ 9 ರೈಸರ್ (ಮೆಟ್ಟಿಲಿನ ನಿಂತ ಮುಖ), ನಡುವೆ 2.1 × 1 ಮೀಟರ್ ಲ್ಯಾಂಡಿಂಗ್. ಮೆಟ್ಟಿಲಿನ ಅಗಲ 1 ಮೀಟರ್, ಟ್ರೆಡ್ (ಕಾಲಿಡುವ ಭಾಗ) 270 ಮಿ.ಮೀ., ಕೆಳಗಿನ ಸ್ಲ್ಯಾಬಿನಿಂದ ಮೇಲಿನ ಸ್ಲ್ಯಾಬಿಗೆ ಒಟ್ಟು ಎತ್ತರ 2970 ಮಿ.ಮೀ. ಕಾಂಕ್ರೀಟ್ ಅಷ್ಟು ಸಮ ಬಂದಿಲ್ಲ, ಅಲ್ಲಲ್ಲಿ 8–10 ಮಿ.ಮೀ. ಏರುಪೇರಿದೆ. ಎರಡೂ ಮಹಡಿಯ ನೆಲಹಾಸು ಇನ್ನೂ ಆಗಿಲ್ಲ. ಮನೆಯಲ್ಲಿ ವಯಸ್ಸಾದವರೂ ಚಿಕ್ಕ ಮಕ್ಕಳೂ ಇದ್ದಾರೆ. ನೋಡಲು ಹೊಳಪಿನ ಟೈಲ್ಸ್ ಇಷ್ಟವಾಗಿದೆ, ಆದರೆ ಬಾಳಿಕೆ ಬಗ್ಗೆ ಅನುಮಾನ. ಗ್ರಾನೈಟ್ ಆದರೆ ಎಷ್ಟು ಬೇಕಾಗುತ್ತದೆ?

ಕಲ್ಲುಹಾಸು:
ಮೆಟ್ಟಿಲಿಗೆ ಸಾಮಾನು ಆರಿಸುವಾಗ ಮೇಲ್ಮೈಗಿಂತ ಮೊದಲು ಮುಂದಿನ ಅಂಚು ನೋಡಿ. ಇಳಿಯುವಾಗ ಪಾದದ ಭಾರವೆಲ್ಲ ಬೀಳುವುದು ಅಲ್ಲಿ, ಬಕೆಟ್ಟು ಪಾತ್ರೆ ತಗಲುವುದೂ ಅಲ್ಲೇ. ಅಂಚನ್ನು ಉಜ್ಜಿ ದುಂಡು ಮಾಡಿದರೂ ಒಳಗೂ ಹೊರಗೂ ಒಂದೇ ಬಣ್ಣ, ಒಂದೇ ಗಟ್ಟಿತನ ಇರುವ ವಸ್ತು ಬೇಕು. ಆ ಲೆಕ್ಕದಲ್ಲಿ ನಿಮ್ಮ ಮನೆಗೆ 18–20 ಮಿ.ಮೀ. ಗ್ರಾನೈಟ್ ಸರಿ. ಮಾರ್ಬಲ್ ಚೆಂದವೇ, ಆದರೆ ಮೆದು. ಓಡಾಡಿದ ಜಾಗದ ಹೊಳಪು ಬೇಗ ಹೋಗುತ್ತದೆ, ನಿಂಬೆರಸ ಬಿದ್ದರೆ ಕಲೆ ಉಳಿಯುತ್ತದೆ.

ಇನ್ನೊಂದು ಅನುಕೂಲ ಇದೆ. ಗ್ರಾನೈಟನ್ನು 20–30 ಮಿ.ಮೀ. ಗಾರೆಯ ಮೇಲೆ ಕೂರಿಸುವುದರಿಂದ ನಿಮ್ಮ ಕಾಂಕ್ರೀಟಿನ ಏರುಪೇರು ಆ ಗಾರೆಯಲ್ಲೇ ಮುಚ್ಚಿಹೋಗುತ್ತದೆ.

ಲೆಕ್ಕ ಹೀಗೆ. 18 ರೈಸರ್ ಇದ್ದರೂ ಟ್ರೆಡ್ 16 ಮಾತ್ರ, ಪ್ರತಿ ಸಾಲಿನ ಕೊನೆಯದು ಲ್ಯಾಂಡಿಂಗ್ ಇಲ್ಲವೇ ಮೇಲಿನ ನೆಲ. ಟ್ರೆಡ್ ಕಲ್ಲಿನ ಆಳ 270, ಮುಂದೆ ಚಾಚುವ ನೋಸಿಂಗ್ 25, ಹಿಂದಿನ ರೈಸರ್ ಕಲ್ಲಿನ ಅಡಿಗೆ ಹೋಗುವ 18, ಒಟ್ಟು 313 ಮಿ.ಮೀ. ಹದಿನಾರಕ್ಕೆ 5 ಚದರ ಮೀಟರ್. ರೈಸರ್ ಎತ್ತರ 165ರಲ್ಲಿ ಮೇಲಿನ ಕಲ್ಲಿನ ದಪ್ಪ 20 ಕಳೆದರೆ 145, ಹದಿನೆಂಟಕ್ಕೆ 2.6 ಚದರ ಮೀಟರ್. ಲ್ಯಾಂಡಿಂಗ್ 2.1. ಸೇರಿಸಿದರೆ 9.7, ಕತ್ತರಿಸುವಾಗ ಹಾಳಾಗುವುದಕ್ಕೆ 10% ಇಟ್ಟು 10.7 ಚದರ ಮೀಟರ್, ಅಂದರೆ ಸುಮಾರು 115 ಚದರ ಅಡಿ. ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹಾಕುವ ಪಟ್ಟಿ) ಇದರಲ್ಲಿ ಇಲ್ಲ. ಅಂಚಿನ ಮೋಲ್ಡಿಂಗ್ ಪ್ರತ್ಯೇಕ: 18 ಅಂಚು, 18 ಮೀಟರ್.

ಚದರ ಅಡಿಯ ಲೆಕ್ಕ ಸರಿ ಬಂದರೂ ಸ್ಲ್ಯಾಬಿನ ಅಗಲ ತಪ್ಪಿದರೆ ಕಲ್ಲು ಸಾಲದು. 650 ಮಿ.ಮೀ. ಅಗಲವಿದ್ದರೆ ಎರಡು ಟ್ರೆಡ್ ಪಕ್ಕಪಕ್ಕ ಬರುತ್ತವೆ. 600 ಇದ್ದರೆ ಒಂದು ಟ್ರೆಡ್, ಒಂದು ರೈಸರ್, ಉಳಿದದ್ದರಲ್ಲಿ 100 ಮಿ.ಮೀ. ಸ್ಕರ್ಟಿಂಗ್ ಪಟ್ಟಿ. ಟ್ರೆಡ್ ಒಂದೇ ತುಂಡಾಗಿರಲಿ, ನಡುವೆ ಜೋಡಣೆ ಬೇಡ.

ಮಟ್ಟಗೋಲು:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸಬೇಕು, ಬಹಳ ಮನೆಗಳಲ್ಲಿ ತಪ್ಪುವುದೇ ಇಲ್ಲಿ. ಮೆಟ್ಟಿಲಿನ ಮೇಲೆ ಕಲ್ಲು, ಗಾರೆ ಸೇರಿ 45 ಮಿ.ಮೀ. ಏರುತ್ತದೆ. ನೆಲಕ್ಕೆ ಅಡ್ಹೆಸಿವ್‌ನಲ್ಲಿ ಟೈಲ್ಸ್ ಕೂರಿಸಿದರೆ ಏರುವುದು ಬರೀ 15. ಆಗ ಮೊದಲ ಮೆಟ್ಟಿಲು 165 ಇರಬೇಕಾದದ್ದು 195 ಆಗುತ್ತದೆ, ಕೊನೆಯದು 135ಕ್ಕೆ ಇಳಿಯುತ್ತದೆ. ಹತ್ತುವವರ ಕಾಲು ಒಂದೇ ಎತ್ತರಕ್ಕೆ ಒಗ್ಗಿಕೊಂಡಿರುತ್ತದೆ, ವಯಸ್ಸಾದವರು ಎಡವುವುದು ಇಂಥ ಕಡೆಯೇ.

ನಿಮ್ಮ ನೆಲ ಇನ್ನೂ ಆಗಿಲ್ಲವಾದ್ದರಿಂದ ಸರಿಪಡಿಸುವುದು ಸುಲಭ. ಎರಡೂ ಮಹಡಿಯ ನೆಲ ಮುಗಿದ ಮೇಲೆ ಮಟ್ಟ ಎಲ್ಲಿ ಬರುತ್ತದೆಂದು ಗೋಡೆಯ ಮೇಲೆ ಗೆರೆ ಎಳೆಯಿರಿ. ಆ ಎರಡು ಗೆರೆಗಳ ನಡುವಿನ ಎತ್ತರವನ್ನು 18ರಿಂದ ಭಾಗಿಸಿ, ನೇರವಾದ ಒಂದು ರೀಪಿನ ಮೇಲೆ ಗುರುತು ಹಾಕಿ. ಮೇಸ್ತ್ರಿ ಪ್ರತಿ ಕಲ್ಲನ್ನೂ ಆ ಗುರುತಿಗೇ ಕೂರಿಸಲಿ. ಹಿಂದಿನ ಮೆಟ್ಟಿಲಿನಿಂದ ಅಳೆದುಕೊಂಡು ಹೋದರೆ ಒಂದೊಂದು ಮಿ.ಮೀ. ತಪ್ಪು ಸೇರುತ್ತಾ ಕೊನೆಯ ಮೆಟ್ಟಿಲಿನ ತಲೆಗೆ ಬರುತ್ತದೆ. ಅಕ್ಕಪಕ್ಕದ ಮೆಟ್ಟಿಲುಗಳ ವ್ಯತ್ಯಾಸ 3 ಮಿ.ಮೀ. ಒಳಗೇ ಇರಲಿ.

ಟೈಲ್_ಕೆಲಸ:
ಹೊಳಪಿನ ಟೈಲ್ಸ್ ಇಷ್ಟ ಅಂದಿರಿ, ಮೆಟ್ಟಿಲಿಗೆ ಅದು ಬೇಡ. ಗ್ಲೇಜ್ಡ್ ಟೈಲ್ಸಿನ ಚಿತ್ರ ಇರುವುದು ಮೇಲಿನ ಪದರದಲ್ಲಿ ಮಾತ್ರ. ಅಂಚನ್ನು 45 ಡಿಗ್ರಿ ಕತ್ತರಿಸಿ ಜೋಡಿಸಿದರೆ ತುದಿ ಕಾಗದದಷ್ಟು ತೆಳು, ಒಂದು ಪೆಟ್ಟಿಗೆ ಚಕ್ಕೆ ಏಳುತ್ತದೆ, ಒಳಗಿನ ಬೇರೆ ಬಣ್ಣ ಎದ್ದು ಕಾಣುತ್ತದೆ. ಟೈಲ್ಸೇ ಬೇಕಿದ್ದರೆ ಫುಲ್ ಬಾಡಿ ವಿಟ್ರಿಫೈಡ್ (ಒಳಗೂ ಹೊರಗೂ ಒಂದೇ ಬಣ್ಣದ್ದು), ಕಾರ್ಖಾನೆಯಲ್ಲೇ ಮುಂದಿನ ಅಂಚು ದುಂಡು ಮಾಡಿದ ಸ್ಟೆಪ್ ಟೈಲ್ಸ್, ಮ್ಯಾಟ್ ಮೇಲ್ಮೈ, ಜಾರುನಿರೋಧ R10 ಅಥವಾ ಹೆಚ್ಚಿನದು (ಸಂಖ್ಯೆ ಹೆಚ್ಚಿದಷ್ಟೂ ಹಿಡಿತ ಹೆಚ್ಚು) ತೆಗೆದುಕೊಳ್ಳಿ.

ಅಡ್ಹೆಸಿವ್ ತೆಳು ಪದರದ ಕೆಲಸಕ್ಕೆ ಇರುವುದು, ಅದರಲ್ಲಿ 10 ಮಿ.ಮೀ. ತಗ್ಗು ತುಂಬಬಾರದು. ಮೊದಲು ಗಾರೆ ಹಾಕಿ ಸಮ ಮಾಡಿ, ಒಣಗಿದ ಮೇಲೆ C2 ದರ್ಜೆಯ (ಹೆಚ್ಚು ಬಿಗಿಯಾಗಿ ಹಿಡಿಯುವ) ಅಡ್ಹೆಸಿವ್ ಅನ್ನು 10 ಮಿ.ಮೀ. ಹಲ್ಲಿನ ಕರಣೆಯಿಂದ ಎಳೆಯಿರಿ, ಟೈಲ್ಸಿನ ಹಿಂಬದಿಗೂ ತೆಳುವಾಗಿ ಸವರಿ. ಚದರ ಮೀಟರಿಗೆ ಸುಮಾರು 7 ಕೆ.ಜಿ. ಹಿಡಿಯುತ್ತದೆ. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಕೂರಿಸುವುದನ್ನು ಒಪ್ಪಲೇಬೇಡಿ. ಅಡಿಯಲ್ಲಿ ಟೊಳ್ಳು ಉಳಿದ ಅಂಚು ಒಡೆದೇ ಒಡೆಯುತ್ತದೆ. ಮರುದಿನ ಸುತ್ತಿಗೆಯ ಮರದ ಹಿಡಿಯಿಂದ ಅಂಚಿನ ಉದ್ದಕ್ಕೂ ತಟ್ಟಿ ನೋಡಿ. ಎಲ್ಲಾದರೂ ಟೊಳ್ಳು ಸದ್ದು ಬಂದರೆ ಆಗಲೇ ತೆಗೆಸಿ. ಗ್ರಾನೈಟಿಗೂ ಈ ಪರೀಕ್ಷೆ ಮಾಡಿ.

ಹೊಸಮನೆ_ಕೆಲಸ:
ತುಂಬಾ ಉಪಕಾರ. ಹಾಗಾದರೆ ಗ್ರಾನೈಟೇ. ಕಪ್ಪು, ಪಾಲಿಶ್ ಮಾಡಿದ್ದು ನೋಡಿದ್ದೇವೆ. ಜಾರದ ಹಾಗೆ ಗೀರು ಹಾಕಿಸಿದರೆ ಕೊಳೆ ತುಂಬುತ್ತದೆ ಅನ್ನುತ್ತಾರೆ. ಬದಲಿಗೆ ಅಂಟುವ ಟೇಪ್ ಸಾಕೇ? ಮೇಲಿನ ಸಾಲಿಗೆ ಮಾತ್ರ ತೇಗದ ಹಲಗೆ ಹಾಕಿಸುವ ಆಸೆಯೂ ಇದೆ.

ಕಲ್ಲುಹಾಸು:
ಟೇಪ್ ಬೇಡ. ನೆಲ ಒರೆಸುವ ನೀರಿಗೆ ಅದರ ಅಂಚು ಏಳುತ್ತದೆ, ಎದ್ದ ಅಂಚಿಗೆ ಕಾಲು ಸಿಕ್ಕಿಕೊಳ್ಳುತ್ತದೆ. ಗೀರು 3 ಮಿ.ಮೀ. ಅಗಲ, 2 ಮಿ.ಮೀ. ಆಳ, ಮೂರು ಸಾಲು ಇರಲಿ. ಮೊದಲನೆಯದು ಅಂಚಿನಿಂದ 30 ಮಿ.ಮೀ. ಒಳಗೆ. ಅದಕ್ಕಿಂತ ಹತ್ತಿರ ಬಂದರೆ ಅಂಚು ದುರ್ಬಲ, ಆಳ ಹೆಚ್ಚಾದರೆ ಕೊಳೆ ಕೂರುವುದು ನಿಜ. ಕಲ್ಲು ಕೂರಿಸುವ ಮೊದಲೇ ಯಂತ್ರದಲ್ಲಿ ಹಾಕಿಸಿ, ಆಮೇಲೆ ಕೈ ಕಟರಿನಲ್ಲಿ ಹಾಕಿದ ಗೆರೆ ನೇರ ಬರುವುದು ಕಷ್ಟ. ಗೀರೇ ಬೇಡವೆಂದಾದರೆ ಪಾಲಿಶ್ ಬದಲು ಲೆದರ್ ಫಿನಿಶ್ (ತೊಗಲಿನಂತೆ ತುಸು ತರಿಯಾದ ಮೇಲ್ಮೈ) ಕಲ್ಲು ಕೇಳಿ. ಒರೆಸಲು ಸುಲಭ, ಕಾಲಿಗೆ ಹಿಡಿತವೂ ಸಿಗುತ್ತದೆ.

ಕಪ್ಪಿನ ಬಗ್ಗೆ ನನಗೆ ಆತಂಕ ಇದೆ. ಟ್ರೆಡ್ಡೂ ಕಪ್ಪು, ದೀಪವೂ ಮಂದ ಆದರೆ ಇಳಿಯುವವರಿಗೆ ಒಂದು ಮೆಟ್ಟಿಲು ಮುಗಿದು ಇನ್ನೊಂದು ಶುರುವಾಗುವುದೇ ಕಾಣದು. ರೈಸರಿಗೆ ಬಿಳಿ ಹಾಕಿದರೆ ಸಾಕು ಅನ್ನುವವರಿದ್ದಾರೆ. ಆದರೆ ರೈಸರ್ ಕಾಣುವುದು ಹತ್ತುವಾಗ, ಇಳಿಯುವಾಗ ಕಣ್ಣಿಗೆ ಬೀಳುವುದು ಟ್ರೆಡ್ ಮಾತ್ರ. ಹಾಗಾಗಿ ಟ್ರೆಡ್ಡಿನ ಮುಂಭಾಗದಲ್ಲೇ 40–50 ಮಿ.ಮೀ. ಬೇರೆ ಬಣ್ಣದ ಪಟ್ಟಿ ಬೇಕು. ಅಷ್ಟು ಅಗಲಕ್ಕೆ ಸ್ಯಾಂಡ್‌ಬ್ಲಾಸ್ಟ್ (ಮರಳು ಚಿಮ್ಮಿಸಿ ಒರಟು ಮಾಡುವುದು) ಮಾಡಿಸಿದರೂ ಆಯಿತು, ಕಪ್ಪು ಕಲ್ಲು ಅಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ, ಜಾರುವುದೂ ನಿಲ್ಲುತ್ತದೆ.

ಮರಗೆಲಸ:
ತೇಗ ಹಾಕಿಸಬಹುದು, ಅವಸರ ಬೇಡ. ಕಾಂಕ್ರೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ಹಗಲು ಒಂದು ರಾತ್ರಿ ಬಿಡಿ. ಅಡಿಯಲ್ಲಿ ಹನಿ ಕಂಡರೆ ಅಥವಾ ಕಾಂಕ್ರೀಟ್ ಬಣ್ಣ ಗಾಢವಾಗಿದ್ದರೆ ತೇವ ಇನ್ನೂ ಹೋಗಿಲ್ಲ. ಮರದ ತೇವಾಂಶ 8–12% ಇರಬೇಕು, ಮೀಟರಿನಲ್ಲಿ ತೋರಿಸಿ ಅಂತ ಕೇಳಿ.

ಹಲಗೆ 30 ಮಿ.ಮೀ. ದಪ್ಪ, ಎಳೆ ಮೆಟ್ಟಿಲಿನ ಅಗಲದುದ್ದಕ್ಕೆ ಓಡುವಂತಿರಲಿ. ಮರ ಹಿಗ್ಗುವುದು ಎಳೆಗೆ ಅಡ್ಡಲಾಗಿ, ಅಂದರೆ ಇಲ್ಲಿ ಹಿಂದೆ-ಮುಂದೆ. ಆದ್ದರಿಂದ ಮುಂಭಾಗವನ್ನು ಪಾಲಿಯುರೆಥೇನ್ (ಪಿಯು) ಅಂಟು, ಸ್ಕ್ರೂ ಹಾಕಿ ಬಿಗಿ ಮಾಡಿ, ಹಿಂದೆ 3 ಮಿ.ಮೀ. ಸಂದು ಬಿಡಿ. ಹಿಂದಿನ ರೈಸರಿಗೆ ಒತ್ತಿಸಿದರೆ ಮಳೆಗಾಲದಲ್ಲಿ ಹಲಗೆ ಉಬ್ಬುತ್ತದೆ. ಮ್ಯಾಟ್ ಪಿಯು ಲೇಪನವೇ ಇರಲಿ, ಹೊಳಪಿನದರ ಮೇಲೆ ಕಾಲುಚೀಲ ಹಾಕಿ ನಡೆದರೆ ಜಾರುವುದು ಖಂಡಿತ.

ಒಂದು ಸಾಲಿಗೆ ಕಲ್ಲು, ಇನ್ನೊಂದಕ್ಕೆ ಮರ ಅಂದರೆ ದಪ್ಪ ಬೇರೆಬೇರೆ. ಕಲ್ಲು ಗಾರೆಯೊಂದಿಗೆ 45, ಮರ ಅಂಟಿನೊಂದಿಗೆ 33ರ ಆಸುಪಾಸು. ಮರದ ಸಾಲಿನ ಕಾಂಕ್ರೀಟನ್ನು ಆ 12 ಮಿ.ಮೀ. ಎತ್ತರಿಸಿಯೇ ಸಮ ಮಾಡಿಸಿ.

ಮಟ್ಟಗೋಲು:
ರೇಲಿಂಗ್ ಕಂಬ ಎಲ್ಲಿ ಬರುತ್ತದೆಂದು ಈಗಲೇ ಗುರುತು ಮಾಡಿಸಿ. ಗ್ರಾನೈಟಿನಲ್ಲಿ ತೂತು ಕೊರೆಯಲು ಡೈಮಂಡ್ ಕೋರ್ ಬಿಟ್, ನೀರು ಹಾಕುತ್ತಾ, ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ. ಹ್ಯಾಮರ್ ಇದ್ದರೆ ತೂತಿನಿಂದ ಅಂಚಿನವರೆಗೆ ಬಿರುಕು ಓಡುತ್ತದೆ. ಆಂಕರ್ ಬೋಲ್ಟ್ ಕಲ್ಲು, ಗಾರೆ ಎರಡನ್ನೂ ದಾಟಿ ಕಾಂಕ್ರೀಟಿಗೇ ಹಿಡಿಯಬೇಕು. 45 ಮಿ.ಮೀ. ಅಲ್ಲಿಗೇ ಹೋಗುವುದರಿಂದ ಬೋಲ್ಟಿನ ಉದ್ದ ಕೊಳ್ಳುವಾಗ ಅದನ್ನು ಸೇರಿಸಿಕೊಳ್ಳಿ.