ತೋಟದ ಹಳ್ಳದಲ್ಲಿ ನೀರುನಾಯಿ ಇದೆ, ಕ್ಯಾಮೆರಾ ಟ್ರ್ಯಾಪಿಗೆ ಮಾತ್ರ ಬೀಳ್ತಿಲ್ಲ

ಹಳ್ಳದಂಚು:
ಮೂಡಿಗೆರೆ ಕಡೆ ನಮ್ಮ ಕಾಫಿ ತೋಟ, ಕೆಳಗೆ ವರ್ಷವಿಡೀ ಹರಿಯೋ ಹಳ್ಳ. ಅಲ್ಲೊಂದು ಬಂಡೆ ಮೇಲೆ ಹಿಕ್ಕೆ ಬಿದ್ದಿರುತ್ತೆ, ಕಡ್ಡೀಲಿ ಬಿಡಿಸಿ ನೋಡಿದ್ರೆ ಬರೀ ಏಡಿ ಚಿಪ್ಪಿನ ಚೂರು. ನೀರಿಂದ ಮೇಲೆ ಹತ್ತೋ ಜಾಗಕ್ಕೇ ಮುಖ ಮಾಡಿ ಟ್ರ್ಯಾಪ್ (ಪ್ರಾಣಿ ಹಾಯ್ದ್ರೆ ತಾನೇ ಫೋಟೋ ತೆಗೆಯೋ ಕ್ಯಾಮೆರಾ) ಕಟ್ಟಿದೀನಿ, ಕಬ್ಬೆಕ್ಕು, ಮುಳ್ಳುಹಂದಿ, ಕಾಡುಕೋಳಿ ಎಲ್ಲಾ ಬರ್ತವೆ, ಮಧ್ಯಾಹ್ನ ಬಿಸಿಲಲ್ಲಿ ಜರಿಗಿಡ ಅಲ್ಲಾಡಿದ್ದೂ ಬರುತ್ತೆ, ಇದೊಂದೇ ಇಲ್ಲ. ಬೆಳಿಗ್ಗೆ ಹೋದ್ರೆ ಹೊಸ ಹಿಕ್ಕೆ ಇರುತ್ತೆ! ಸೆನ್ಸರ್ ಹಾಳಾಗಿದ್ಯಾ, ಬೇರೆ ಕ್ಯಾಮೆರಾ ತಗೋಬೇಕಾ?

ಬಿಸಿಲೆಘಾಟಿ:
ತಗೋಬೇಡಿ, ಕಟ್ಟಿರೋ ಜಾಗ ಬದಲಾಯಿಸಿ ಸಾಕು. ಟ್ರ್ಯಾಪಲ್ಲಿರೋ ಪಿಐಆರ್ (ಶಾಖ ಗುರುತಿಸೋ) ಸೆನ್ಸರ್ ಹಿಡಿಯೋದು ಸುತ್ತಲಿಗಿಂತ ಬೇರೆ ಶಾಖ ಇರೋದೇನಾದ್ರೂ ಅಡ್ಡ ಹಾಯ್ದಾಗ. ನೀರುನಾಯಿ ತುಪ್ಪಳ ಎಷ್ಟು ದಟ್ಟ ಅಂದ್ರೆ ಮೈಶಾಖ ಹೊರಗೇ ಬಿಡಲ್ಲ, ಆಗಷ್ಟೇ ನೀರಿಂದೆದ್ದಾಗ ಹೊರಗಿನ ಕೂದಲು ಹಳ್ಳದ ನೀರಿನಷ್ಟೇ ತಣ್ಣಗಿರುತ್ತೆ, ಸೆನ್ಸರಿಗೆ ಅದು ಕಾಣೋದೇ ಇಲ್ಲ. ಅದಕ್ಕೇ ನೀರಿನ ಅಂಚು ಬಿಟ್ಟು ಹಿಕ್ಕೆ ಹಾಕೋ ಬಂಡೆಗೆ ತಿರುಗಿಸಿ. ಅಲ್ಲಿ ಅವು ನಿಲ್ತವೆ, ಮೂಸ್ತವೆ, ಮರಳು ಇದ್ರೆ ಉರುಳಾಡಿ ಮೈ ಒಣಗಿಸ್ಕೊಳ್ತವೆ. ಎರಡು ಮೂರು ಮೀಟರ್ ದೂರ, ಮೊಣಕಾಲಿಗಿಂತ ಕೆಳಗೆ ಕಟ್ಟಿ, ವಿಡಿಯೋ ಮೋಡಿಗೆ ಹಾಕಿ. ಆಗ್ಲೂ ಬರ್ಲಿಲ್ಲ ಅಂದ್ರೆ ಟೈಮ್‌ಲ್ಯಾಪ್ಸ್ (ಇಷ್ಟಿಷ್ಟು ಹೊತ್ತಿಗೊಂದು ಫೋಟೋ ತಾನೇ ತೆಗೆಯೋದು) ಇಡಿ, ಅದಕ್ಕೆ ಸೆನ್ಸರೇ ಬೇಕಿಲ್ಲ. ಅಂದಹಾಗೆ ಬರೀ ಏಡಿ ಚಿಪ್ಪು ಅಂದ್ರೆ ಚಿಕ್ಕ ಉಗುರಿನ ನೀರುನಾಯಿನೇ ಇರ್ಬೇಕು, ದೊಡ್ಡ ಜಾತೀದು ಹೆಚ್ಚಾಗಿ ಮೀನು ತಿನ್ನುತ್ತೆ, ಹಿಕ್ಕೇಲಿ ಹುರುಪೆ ಕಾಣುತ್ತೆ. ಕೆಸರಲ್ಲಿ ಹೆಜ್ಜೆ ಸಿಕ್ರೆ ನೋಡಿ, ಚಿಕ್ಕದರ ಉಗುರಿನ ಗುರುತು ಮೂಡಲ್ಲ.

ಮಲೆನಾಡಿಗ:
ಮೇಲಿನವರು ಹೇಳಿದ್ದು ಸರಿ. ಇನ್ನೊಂದು, ರಾತ್ರಿ ಫೋಟೋಗೆ ಕ್ಯಾಮೆರಾ ಬಿಡೋ ಐಆರ್ (ಇನ್‌ಫ್ರಾರೆಡ್) ಲೈಟ್ 850 ನ್ಯಾನೋಮೀಟರಿನದಾದ್ರೆ ಕತ್ತಲಲ್ಲಿ ಮಂದವಾಗಿ ಕೆಂಪಗೆ ಕಾಣುತ್ತೆ, ಪ್ರಾಣಿ ಬೆದರಬಹುದು, ಹತ್ತಿರದಿಂದ ತೆಗಿಯೋದಾದ್ರೆ 940ರದ್ದು ವಾಸಿ, ರೇಂಜ್ ಕಮ್ಮಿ ಆಗುತ್ತೆ ಆದ್ರೆ ಮೂರು ಮೀಟರಿಗೆ ಧಾರಾಳ ಸಾಕು. ಎದುರಿಗಿರೋ ಜರಿಗಿಡ ಸವರಿಬಿಡಿ, ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಕ್ಯಾಮೆರಾ ಒಳಗಿಡಿ, ಜೂನ್ ಬರೋದ್ರೊಳಗೆ ಬಿಚ್ಚಿ, ನಮ್ಮ ಮಳೇಲಿ ಹಳ್ಳ ಯಾವಾಗ ಏರುತ್ತೆ ಹೇಳಕ್ಕಾಗಲ್ಲ.

ಮುತ್ತೋಡಿ ದಾರಿ:
ಮೀನು ಗೀನು ಇಟ್ಟು ಕರೆಯೋ ಕೆಲಸ ದಯವಿಟ್ಟು ಮಾಡ್ಬೇಡಿ. ನೀರುನಾಯಿ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರ ಪ್ರಾಣಿ, ಬೇಟೆಯವರ ಕಣ್ಣು ಅದರ ಚರ್ಮದ ಮೇಲಿದೆ. ಫೋಟೋ ಸಿಕ್ಕಿದ್ರೆ ಹಳ್ಳದ ಹೆಸರು, ಜಿಪಿಎಸ್ ಯಾವ್ದೂ ಹಾಕ್ಬೇಡಿ. ಸ್ವಂತ ತೋಟದಲ್ಲಿ ಕಟ್ಟಿದೀರಿ ಸರಿ, ಬೇಲಿ ದಾಟಿ ಕಾಡಲ್ಲಿ ಕಟ್ಟೋದಾದ್ರೆ ಅರಣ್ಯ ಇಲಾಖೆ ಅನುಮತಿ ಬೇಕೇ ಬೇಕು.

ಹಳ್ಳದಂಚು:
ತುಂಬಾ ಥ್ಯಾಂಕ್ಸ್. ಬಂಡೆ ಎದುರು ಒಂದು ಹಳೇ ನೇರಳೆ ಬುಡ ಇದೆ, ಇವತ್ತೇ ಅಲ್ಲಿಗೆ ಕಟ್ತೀನಿ. ಜಾಗ ಯಾರಿಗೂ ಹೇಳಲ್ಲ.